ಲಿನೇಯಸನ ಶುಷ್ಕಸಸ್ಯ ಭಂಡಾರ

ಸಸ್ಯಗಳಿಗೆ ಎರಡು ಪದಗಳ ನಾಮಕರಣ ಪದ್ಧತಿಯನ್ನು ನೆಲೆಗೊಳಿಸಿ ಜಗದ್ವಿಖ್ಯಾತನಾದ ಕಾರ್ಲ್ ಲಿನೇಯಸನು ಕ್ರಿ.ಶ. 1707ರಲ್ಲಿ ಸ್ವೀಡನ್ ದೇಶದಲ್ಲಿ ಜನಿಸಿದನು. ಕ್ರೈಸ್ತ ಧರ್ಮೋಪದೇಶಕನಾಗಿದ್ದ ತಂದೆಯ ಹೂದೋಟವೇ ಅವನ ಮೊದಲ ಪಾಠಶಾಲೆ. 1732ರಲ್ಲಿ ಲ್ಯಾಪ್‌ಲೆಂಡಿನ ಶೀತಪ್ರದೇಶದಲ್ಲಿ ಸಂಚರಿಸಿ ಸಸ್ಯಗಳನ್ನು ಸಂಗ್ರಹಿಸಿದನು. 1741ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಅವನ ಶಿಷ್ಯರು ಸಸ್ಯಾನ್ವೇಷಣೆಗಾಗಿ ದೂರದೇಶಗಳಿಗೆ ತೆರಳಿದರು. ಅವರಲ್ಲಿ ಲೋಫ್ಲಿಂಗನು 1756ರಲ್ಲಿ ವೆನಿಜುವೆಲದಲ್ಲಿಯೂ ಫೋರ್ಸ್ಕಾಲನು 1763ರಲ್ಲಿ ಯೆಮನ್ನಿನಲ್ಲಿಯೂ ಅಸುನೀಗಿದರು.

ಒಣಗಿಸಿದ ಸಸ್ಯಗಳನ್ನು ಗ್ರಂಥದಂತೆ ಹೊಲಿದು ಕಟ್ಟಿಡುವುದು ಅಂದಿನ ವಾಡಿಕೆ. ಲಿನೇಯಸನಾದರೋ ಅವುಗಳನ್ನು ಬಿಡಿಹಾಳೆಗಳಿಗೆ ಅಂಟಿಸಿ ಕಪಾಟಿನಲ್ಲಿ ಜೋಡಿಸಿದನು. ಹೊಸ ಸಸ್ಯ ದೊರೆತಾಗ ಅದನ್ನು ತಕ್ಕ ಸ್ಥಾನದಲ್ಲಿ ಸೇರಿಸುವುದು ಇದರಿಂದ ಸುಲಭವಾಯಿತು. 1753ರಲ್ಲಿ ಪ್ರಕಟವಾದ ಅವನ ಮಹಾಗ್ರಂಥ ‘ಸ್ಪೀಶೀಸ್ ಪ್ಲಾಂಟಾರಂ’ಗೆ ಈ ಸಂಗ್ರಹವು ಮುಖ್ಯ ಆಧಾರಗಳಲ್ಲೊಂದಾಯಿತು. 1766ರಲ್ಲಿ ಉಪ್ಸಾಲಾ ನಗರವು ಬೆಂಕಿಗೆ ತುತ್ತಾದ ಬಳಿಕ, ಅದರ ರಕ್ಷಣೆಗೆಂದೇ ಹಮ್ಮರ್ಬಿಯ ಗುಡ್ಡದ ಮೇಲೆ ಪ್ರತ್ಯೇಕ ಕಟ್ಟಡವನ್ನು ಕಟ್ಟಿಸಿದನು.

1778ರಲ್ಲಿ ಲಿನೇಯಸನು ತೀರಿಕೊಂಡನು. 1783ರಲ್ಲಿ ಮಗನೂ ಗತಿಸಿದನು. ಮರುವರ್ಷ ಪತ್ನಿಯು ಹೆಣ್ಣುಮಕ್ಕಳ ಹಿತಕ್ಕಾಗಿ ಭಂಡಾರವನ್ನು ಮಾರಬೇಕಾಯಿತು. ಸುಮಾರು 14,000 ಸಸ್ಯಗಳೊಡನೆ ಗ್ರಂಥಗಳೂ ಪತ್ರಗಳೂ ಇಂಗ್ಲೆಂಡಿನ ತರುಣ ವೈದ್ಯವಿದ್ಯಾರ್ಥಿ ಜೇಮ್ಸ್ ಎಡ್ವರ್ಡ್ ಸ್ಮಿತ್ತನ ವಶವಾದವು. ಹಣ ತೆತ್ತವನು ಅವನ ತಂದೆ. ಸ್ವದೇಶವು ಕಳೆದುಕೊಂಡ ನಿಧಿ ಪರದೇಶದಲ್ಲಿ ಉಳಿಯಿತು. 1788ರಲ್ಲಿ ಸ್ಮಿತ್ತನು ಲಿನೇಯನ್ ಸೊಸೈಟಿಯನ್ನು ಸ್ಥಾಪಿಸಿದನು. ಅವನ ಮರಣಾನಂತರ, 1829ರಲ್ಲಿ, ಆ ಸಂಸ್ಥೆಯು ಸಾಲದ ಹೊರೆ ಹೊತ್ತು ಸಂಗ್ರಹವನ್ನು ಕೊಂಡುಕೊಂಡಿತು. ಲಂಡನ್ನಿನಲ್ಲಿರುವ ಆ ಹಾಳೆಗಳನ್ನು ಸಸ್ಯನಾಮಗಳ ನಿರ್ಣಯಕ್ಕಾಗಿ ವಿದ್ವಾಂಸರು ಇಂದಿಗೂ ಪರಿಶೀಲಿಸುತ್ತಾರೆ.

ಸಂಗ್ರಹಿಸಿದವನ ಶ್ರಮದಷ್ಟೇ ಕಾಪಾಡಿದವರ ತ್ಯಾಗವೂ ವಿದ್ಯೆಯ ಉಳಿವಿಗೆ ಅವಶ್ಯವೆಂಬುದಕ್ಕೆ ಈ ಭಂಡಾರವೇ ಸಾಕ್ಷಿ.