ಸಂದೇಹದುರ್ಗದ ಬೀಗದಕೈ

ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳಿಗೆ ಜಾನ್ ಬನ್ಯನ್ನನ ಹೆಸರು ಅಪರಿಚಿತವೇನಲ್ಲ. ಅವನ ಅಮರಕೃತಿಯನ್ನು ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಆ ಯಾತ್ರಿಕನು ನಡೆದ ದುರ್ಗಮವಾದ ಹಾದಿಯನ್ನು ಗ್ರಂಥಕರ್ತನು ಮೊದಲು ತಾನೇ ನಡೆದಿದ್ದನು.

ಬನ್ಯನ್ನನು 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಜನಿಸಿದನು. ಹಳೆಯ ಪಾತ್ರೆಗಳಿಗೆ ಬೆಸುಗೆ ಹಾಕುವುದು ತಂದೆಯ ಕಸುಬು. ಮಗನಿಗೂ ಅದೇ ಅನ್ನದ ದಾರಿಯಾಯಿತು. ಶಾಲೆಯ ವಿದ್ಯೆ ಅತ್ಯಲ್ಪ. ಹದಿನಾರನೆಯ ವಯಸ್ಸಿನಲ್ಲಿ ಪಾರ್ಲಿಮೆಂಟಿನ ಸೈನ್ಯವನ್ನು ಸೇರಿ, ಕೆಲವು ವರ್ಷಗಳ ತರುವಾಯ ಊರಿಗೆ ಮರಳಿದನು. ವಿವಾಹವಾದಾಗ ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚವೂ ಇರಲಿಲ್ಲ. ಹೆಂಡತಿಯು ತವರಿನಿಂದ ತಂದ ಬಳುವಳಿಯೆಂದರೆ ಎರಡು ಧರ್ಮಗ್ರಂಥಗಳು ಮಾತ್ರ. ಅವುಗಳ ಓದಿನಿಂದ ಅವನ ಮನಸ್ಸು ದೇವರ ಕಡೆಗೆ ತಿರುಗಿತು.

ತಿರುಗಿದ ಮನಸ್ಸಿಗೆ ಶಾಂತಿ ದೊರೆಯಿತೆ? ಇಲ್ಲ, ನಿಜವಾದ ಕದನವು ಆಮೇಲೆ ಆರಂಭವಾಯಿತು. ದೇವರಿರುವುದು ದಿಟವೆ, ಬೈಬಲ್ ಕಟ್ಟುಕಥೆಯಲ್ಲವೆ, ಅನ್ಯಮತದವರಿಗೂ ತಮ್ಮ ಶಾಸ್ತ್ರಗಳಲ್ಲಿ ಇಷ್ಟೇ ನಂಬಿಕೆಯಿಲ್ಲವೆ ಎಂಬ ಸಂದೇಹಗಳು ಅವನನ್ನು ಮುತ್ತಿದವು. ಕ್ರಿಸ್ತನನ್ನು ಮಾರಿಬಿಡು ಎಂಬ ದುಷ್ಪ್ರೇರಣೆಯು ಉಣ್ಣುವಾಗಲೂ ದುಡಿಯುವಾಗಲೂ ಕಾಡಿತು. ಒಂದು ದಿನ ಸೆಣಸಿ ಸೋತು, ಮನಸ್ಸಿನಲ್ಲಿಯೇ ಅದಕ್ಕೆ ಸಮ್ಮತಿಸಿದನು. ಅನಂತರ, ಒಂದು ಹೊತ್ತಿನ ಊಟಕ್ಕೆ ಜ್ಯೇಷ್ಠತ್ವವನ್ನು ಮಾರಿದ ಬೈಬಲಿನ ಏಸಾವನಂತೆ ತನಗೂ ಕ್ಷಮೆಯಿಲ್ಲವೆಂದು ಬಹುಕಾಲ ಪರಿತಪಿಸಿದನು. ಕೊನೆಗೆ ಹೊಲದಲ್ಲಿ ನಡೆಯುತ್ತಿದ್ದಾಗ ಒಂದು ಸತ್ಯವು ಹೊಳೆಯಿತು: ತನ್ನ ನೀತಿಯು ಪರಲೋಕದಲ್ಲಿರುವ ಕ್ರಿಸ್ತನೇ, ಆದುದರಿಂದ ಮನಸ್ಸು ಪ್ರಸನ್ನವಾದರೆ ಅದು ಹೆಚ್ಚುವುದಿಲ್ಲ, ಖಿನ್ನವಾದರೆ ಕುಗ್ಗುವುದೂ ಇಲ್ಲ. ಅಂದು ಅವನ ಕಾಲಿನ ಸಂಕೋಲೆಗಳು ಕಳಚಿದವು.

ಆ ನಂಬಿಕೆಗೆ ಒರೆಗಲ್ಲು 1660ರಲ್ಲಿ ಒದಗಿತು. ಎರಡನೆಯ ಚಾರ್ಲ್ಸನು ಸಿಂಹಾಸನವೇರಿದ ಆ ವರ್ಷ ನವೆಂಬರಿನಲ್ಲಿ, ನಿಷಿದ್ಧವಾದ ಸಭೆಯಲ್ಲಿ ಬೋಧಿಸಲು ಹೋದುದಕ್ಕಾಗಿ ಬನ್ಯನ್ನನ ಬಂಧನವಾಯಿತು. ಇನ್ನು ಬೋಧಿಸುವುದಿಲ್ಲವೆಂದು ಮಾತು ಕೊಟ್ಟರೆ ಬಿಡುಗಡೆ. ಮನೆಯಲ್ಲಿ ಎರಡನೆಯ ಹೆಂಡತಿ ಎಲಿಜಬೆತ್, ಮೊದಲನೆಯವಳ ನಾಲ್ವರು ಮಕ್ಕಳು. ಹಿರಿಯಳಾದ ಮೇರಿಗೆ ಹುಟ್ಟಿನಿಂದ ಕಣ್ಣಿಲ್ಲ. ಈ ಸಲ ಪ್ರಲೋಭನವು ವಾತ್ಸಲ್ಯದ ವೇಷವನ್ನು ಧರಿಸಿ ಬಂದಿತು. ಆ ಕುರುಡು ಕೂಸು ಹಸಿವು ಚಳಿಗಳಿಂದ ನರಳುವುದನ್ನು ನೆನೆದಾಗ ಅವನ ಎದೆಯೊಡೆಯುತ್ತಿತ್ತು. ಆದರೂ ಅವನು ಮಾತು ಕೊಡಲಿಲ್ಲ. ಸೆರೆಯಲ್ಲಿಯೇ ಲಾಡಿಗಳನ್ನು ತಯಾರಿಸಿ ಸಂಸಾರಕ್ಕೆ ನೆರವಾದನು. ಗಲ್ಲಿಗೇರುವ ಹೊತ್ತಿನಲ್ಲಿ ತಾನು ಅಂಜಿದರೇನು ಗತಿಯೆಂಬ ಭಯವೂ ಬಾಧಿಸಿತು. ದೇವರು ಸಮಾಧಾನವನ್ನು ಕೊಡಲಿ, ಕೊಡದಿರಲಿ, ತಾನು ಅವನನ್ನು ಬಿಡತಕ್ಕವನಲ್ಲವೆಂದು ನಿಶ್ಚಯಿಸಿದನು. ಹೀಗೆ ಹನ್ನೆರಡು ವರ್ಷಗಳು ಸಂದವು, 1672ರಲ್ಲಿ ಬಿಡುಗಡೆಯಾಯಿತು.

1678ರಲ್ಲಿ ಪ್ರಕಟವಾದ ‘ಯಾತ್ರಿಕ’ನ ಕಥೆಯಲ್ಲಿ ಕ್ರಿಶ್ಚಿಯನ್ ಎಂಬ ಯಾತ್ರಿಕನು ಸಂಗಡಿಗನೊಡನೆ ಸಂದೇಹದುರ್ಗದಲ್ಲಿ ನಿರಾಶೆಯೆಂಬ ರಾಕ್ಷಸನ ಸೆರೆಯಾಳಾಗುತ್ತಾನೆ. ರಾಕ್ಷಸನು ಬಡಿಯುತ್ತಾನೆ, ಆತ್ಮಹತ್ಯೆಗೆ ಪ್ರೇರಿಸುತ್ತಾನೆ. ಕಡೆಗೆ, ವಾಗ್ದಾನವೆಂಬ ಬೀಗದಕೈ ತನ್ನ ಎದೆಯ ಬಳಿಯಲ್ಲಿಯೇ ಇರುವುದು ಯಾತ್ರಿಕನಿಗೆ ನೆನಪಾಗುತ್ತದೆ; ಕದಗಳು ತೆರೆಯುತ್ತವೆ. ಇದನ್ನು ಬರೆದವನು ಆ ದುರ್ಗದ ಕತ್ತಲೆಯನ್ನು ಸ್ವತಃ ಬಲ್ಲವನಾಗಿದ್ದನು.

1688ರಲ್ಲಿ, ಮುನಿದಿದ್ದ ತಂದೆಮಕ್ಕಳನ್ನು ಒಂದುಗೂಡಿಸಲು ಹೋಗಿ, ಮಳೆಯಲ್ಲಿ ನೆನೆದು ಜ್ವರಪೀಡಿತನಾಗಿ, ಬನ್ಯನ್ನನು ಲಂಡನ್ನಿನಲ್ಲಿ ಮೃತನಾದನು.

ಸಂತ ಪೌಲನು ವಿಶ್ವಾಸವನ್ನು ಗುರಾಣಿಗೆ ಹೋಲಿಸಿದ್ದಾನೆ. ಗುರಾಣಿಯುಳ್ಳವನ ಮೇಲೆ ಬಾಣಗಳು ಬೀಳುವುದಿಲ್ಲವೆಂದು ಇದರ ಅರ್ಥವಲ್ಲ. ಬನ್ಯನ್ನನ ಮೇಲೆ ಅವು ಬಿದ್ದವು. ಅವನೂ ಒಮ್ಮೆ ಸೋತನು. ಸೋತ ಮೇಲೂ ಕೈಬಿಡದೆ ಹಿಡಿಯಲು ಅವನಿಗೆ ಆ ಗುರಾಣಿಯಿತ್ತು. ಸಂದೇಹಗಳ ಪ್ರಾಯದಲ್ಲಿರುವ ನಾವು ಅವನ ಬಾಳಿನಿಂದ ಅರಿಯಬಹುದಾದುದು ಇದು.