ಆಗ್ನೆಸ್ ಪೊಕೆಲ್ಸ್

ಆಗ್ನೆಸ್ ಪೊಕೆಲ್ಸ್ (ಫೆಬ್ರವರಿ 14, 1862 – ನವೆಂಬರ್ 21, 1935) ಜರ್ಮನಿಯ ವಿಜ್ಞಾನಿ. ನೀರಿನ ಮೇಲೆ ಹರಡುವ ಅತಿ ತೆಳುವಾದ ಎಣ್ಣೆಯ ಪದರಗಳನ್ನು ಅಳೆಯುವ ವಿಧಾನವನ್ನು ರೂಪಿಸಿದವರು. ಇಂದು ಮೇಲ್ಮೈ ರಸಾಯನಶಾಸ್ತ್ರವೆಂದು ಕರೆಯಲಾಗುವ ಶಾಖೆಗೆ ತಳಹದಿ ಹಾಕಿದವರಲ್ಲಿ ಇವರೂ ಒಬ್ಬರು. ವಿಶ್ವವಿದ್ಯಾಲಯದ ಶಿಕ್ಷಣ ಇವರಿಗೆ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಇವರು ಹುಟ್ಟಿದ್ದು ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ವೆನಿಸ್ ನಗರದಲ್ಲಿ. ತಂದೆ ಆಸ್ಟ್ರಿಯಾದ ಸೇನೆಯಲ್ಲಿದ್ದರು. ಮಲೇರಿಯಾದಿಂದ ಅವರ ಆರೋಗ್ಯ ಕೆಟ್ಟುದರಿಂದ 1871ರಲ್ಲಿ ಕುಟುಂಬವು ಜರ್ಮನಿಯ ಬ್ರೌನ್‌ಶ್ವೈಗ್ ನಗರಕ್ಕೆ ಬಂದು ನೆಲೆಸಿತು. ಆಗ್ನೆಸ್ ಅಲ್ಲಿನ ಬಾಲಕಿಯರ ಶಾಲೆಯಲ್ಲಿ ಓದಿದರು. ಭೌತಶಾಸ್ತ್ರದಲ್ಲಿ ಅವರಿಗೆ ಆಸಕ್ತಿಯಿತ್ತು. ಆದರೆ ಸ್ತ್ರೀಯರಿಗೆ ಆಗ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶವಿರಲಿಲ್ಲ. ಮೂರು ವರ್ಷ ಕಿರಿಯನಾದ ತಮ್ಮ ಫ್ರೀಡ್ರಿಖ್ ಗಾಟಿಂಗೆನ್‌ನಲ್ಲಿ ಭೌತಶಾಸ್ತ್ರ ಕಲಿತು ಪ್ರಾಧ್ಯಾಪಕರಾದರು. ಮನೆಗೆಲಸವೂ ಅಸ್ವಸ್ಥರಾದ ತಂದೆತಾಯಿಯರ ಶುಶ್ರೂಷೆಯೂ ಅಕ್ಕನ ಪಾಲಿಗೆ ಬಂದವು. ತಮ್ಮನು ಒದಗಿಸಿದ ಪುಸ್ತಕಗಳೇ ಅವರ ಉನ್ನತ ಶಿಕ್ಷಣ.

ತಗಡಿನ ತೊಟ್ಟಿ

ಸುಮಾರು ಇಪ್ಪತ್ತರ ಹರೆಯದಲ್ಲಿ ಅವರು ಮನೆಯಲ್ಲಿಯೇ ಪ್ರಯೋಗಗಳನ್ನು ಆರಂಭಿಸಿದರು. ಪಾತ್ರೆ ತೊಳೆಯುವ ನೀರಿನ ಜಿಡ್ಡು ಅವರ ಕುತೂಹಲ ಕೆರಳಿಸಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅವರ ಹಿರಿಮೆ ಇರುವುದು ಕುತೂಹಲಕ್ಕಿಂತ ಹೆಚ್ಚಾಗಿ ಅಳತೆಯಲ್ಲಿ. ಸುಮಾರು 70 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತಗಡಿನ ತೊಟ್ಟಿಯಲ್ಲಿ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಒಂದು ತಗಡಿನ ಪಟ್ಟಿಯನ್ನು ಇರಿಸಿದರು. ಪಟ್ಟಿಯನ್ನು ಸರಿಸಿದಂತೆ ಜಿಡ್ಡು ಹರಡಿದ ಮೇಲ್ಮೈ ಹಿಗ್ಗುತ್ತಿತ್ತು ಅಥವಾ ಕುಗ್ಗುತ್ತಿತ್ತು. ನೀರಿಗೆ ತಾಗಿಸಿದ ಪುಟ್ಟ ಬಿಲ್ಲೆಯೊಂದನ್ನು ಮೇಲೆತ್ತಲು ಎಷ್ಟು ಬಲ ಬೇಕೆಂಬುದನ್ನು ತಕ್ಕಡಿಯಿಂದ ಅಳೆದು ಮೇಲ್ಮೈ ಎಳೆತವನ್ನು ತಿಳಿದರು.

ಪದರಕ್ಕೆ ವಿಶಾಲ ಜಾಗವಿದ್ದಾಗ ನೀರಿನ ಎಳೆತವು ಶುದ್ಧ ನೀರಿನಂತೆಯೇ ಇರುತ್ತಿತ್ತು. ಜಾಗವು ಒಂದು ಮಿತಿಗಿಂತ ಕಿರಿದಾದೊಡನೆ ಅದು ಥಟ್ಟನೆ ಇಳಿಯುತ್ತಿತ್ತು. ಅಣುಗಳು ಒಂದಕ್ಕೊಂದು ಒತ್ತಿ ನಿಂತು, ಒಂದೇ ಅಣುವಿನಷ್ಟು ದಪ್ಪದ ಪದರವಾಗುವ ಹಂತವಿದು ಎಂಬುದು ಅನಂತರ ಸ್ಪಷ್ಟವಾಯಿತು. ಕೊಬ್ಬಿನ ಆಮ್ಲಗಳಲ್ಲಿ ಆಗ ಒಂದೊಂದು ಅಣುವಿಗೆ ದಕ್ಕುವ ಜಾಗ ಸುಮಾರು 20 ಚದರ ಆಂಗ್‌ಸ್ಟ್ರಮ್. (ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗ.)

ರೇಲೀ ಅವರಿಗೆ ಪತ್ರ

ಸುಮಾರು ಹತ್ತು ವರ್ಷ ಈ ಕೆಲಸವು ಅಚ್ಚಾಗದೆಯೇ ಉಳಿಯಿತು. ಇಂಗ್ಲೆಂಡಿನ ಲಾರ್ಡ್ ರೇಲೀ ಅವರು, ನೀರಿನ ಮೇಲೆ ಓಡಾಡುವ ಕರ್ಪೂರದ ಚೂರನ್ನು ನಿಲ್ಲಿಸಲು ಎಷ್ಟು ಎಣ್ಣೆ ಸಾಕೆಂಬುದನ್ನು 1890ರಲ್ಲಿ ಅಳೆದಿದ್ದರು. ಅವರ ಸಂಶೋಧನೆಯ ವಿಷಯ ಓದಿದ ಆಗ್ನೆಸ್ 1891ರ ಜನವರಿಯಲ್ಲಿ ತಮ್ಮ ಫಲಿತಾಂಶಗಳನ್ನು ಜರ್ಮನ್ ಭಾಷೆಯಲ್ಲಿ ಬರೆದು ಕಳುಹಿಸಿದರು. ರೇಲೀ ಅದನ್ನು ಬದಿಗಿಡಲಿಲ್ಲ, ತಮ್ಮದೆಂದು ಹೇಳಿಕೊಳ್ಳಲೂ ಇಲ್ಲ. ಇಂಗ್ಲಿಷಿಗೆ ಅನುವಾದಗೊಂಡ ಆ ಪತ್ರವನ್ನು ಶಿಫಾರಸಿನೊಡನೆ 'ನೇಚರ್' ಪತ್ರಿಕೆಗೆ ಕಳುಹಿಸಿದರು. ಅದು ಅದೇ ವರ್ಷ ಮಾರ್ಚ್ 12ರಂದು ಪ್ರಕಟವಾಯಿತು.

ಮುಂದಿನ ಬೆಳವಣಿಗೆ

ಅಮೆರಿಕದ ಇರ್ವಿಂಗ್ ಲ್ಯಾಂಗ್ಮೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿ 1917ರಲ್ಲಿ ತಮ್ಮ ಸಂಶೋಧನೆ ಪ್ರಕಟಿಸಿದರು. 1932ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಉಪಕರಣಕ್ಕೂ ಅವರ ಹೆಸರೇ ರೂಢಿಯಾಯಿತು. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬವರು ಕೆಂಪು ರಕ್ತಕಣಗಳಿಂದ ತೆಗೆದ ಕೊಬ್ಬನ್ನು ಇಂಥ ತೊಟ್ಟಿಯಲ್ಲಿ ಹರಡಿ, ಅದು ಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿದೆಯೆಂದು ಕಂಡು, ಜೀವಕೋಶದ ಪೊರೆಯು ಅಂಥ ಎರಡು ಪದರಗಳಿಂದಾದುದೆಂದು ತರ್ಕಿಸಿದರು. ಔಷಧಗಳ ಅಣುಗಳು ಪೊರೆಯೊಳಗೆ ಹೇಗೆ ಸೇರುತ್ತವೆ ಎಂಬುದನ್ನು ಪರೀಕ್ಷಿಸಲು ಇಂದಿಗೂ ಇದೇ ವಿಧಾನ ಬಳಕೆಯಲ್ಲಿದೆ.

ಗೌರವ ಮತ್ತು ನಿಧನ

1913ರಲ್ಲಿ ತಮ್ಮ ತೀರಿಕೊಂಡರು. ಅನಂತರ ಬಂದ ಮಹಾಯುದ್ಧದಿಂದ ವಿಜ್ಞಾನಲೋಕದ ಸಂಪರ್ಕ ಮತ್ತಷ್ಟು ಕ್ಷೀಣಿಸಿತು. 1931ರಲ್ಲಿ ಫ್ರಾನ್ಸಿನ ಆನ್ರಿ ದವೋ ಅವರೊಡನೆ ಜರ್ಮನಿಯ ಕಲಿಲ ವಿಜ್ಞಾನ ಸಂಘದ ಲಾರಾ ಲಿಯೊನಾರ್ಡ್ ಪ್ರಶಸ್ತಿಯನ್ನು ಹಂಚಿಕೊಂಡರು. 1932ರಲ್ಲಿ ಬ್ರೌನ್‌ಶ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಆಗ ಅವರಿಗೆ 70 ವರ್ಷ. ಅವಿವಾಹಿತರಾಗಿಯೇ ಉಳಿದ ಅವರು ಮೂರು ವರ್ಷಗಳ ತರುವಾಯ ಅದೇ ಊರಿನಲ್ಲಿ ನಿಧನರಾದರು.