ಅವರವರು ಅರಿತ ದೇವರು: ಮದ್ಯಮುಕ್ತಿಯ ಹಾದಿ ತೋರಿದ ಬಿಲ್ ವಿಲ್ಸನ್

ಅಮೆರಿಕದ ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಎಂಬ ಊರಿನ ನ್ಯಾಯಾಲಯದ ಮುಂದೆ 1934ರ ಬೇಸಿಗೆಯಲ್ಲಿ ಎಬಿ ಥ್ಯಾಚರ್ ಎಂಬ ಕುಡುಕನೊಬ್ಬ ನಿಂತಿದ್ದ. ಸ್ಥಿತಿವಂತ ಮನೆತನದಲ್ಲಿ ಹುಟ್ಟಿ, ಇದ್ದುದನ್ನೆಲ್ಲ ಕುಡಿತದಲ್ಲಿ ಕಳೆದವನು ಆತ. ಮತ್ತೆ ಮತ್ತೆ ಸಿಕ್ಕಿಬಿದ್ದ ಆತನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುವುದು ಬಹುತೇಕ ನಿಶ್ಚಯವಾಗಿತ್ತು. ಆಗ ರೋಲಂಡ್ ಹಜಾರ್ಡ್ ಎಂಬ ಗೆಳೆಯ ಮುಂದೆ ಬಂದು ಆತನ ಹೊಣೆ ಹೊತ್ತ. ಹಜಾರ್ಡ್ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗಕ್ಕೆ ಸೇರಿದವನು. ನ್ಯಾಯಾಧೀಶರ ಮಗನೂ ಅದೇ ಬಳಗದವನಾಗಿದ್ದ. ನ್ಯಾಯಾಧೀಶರು ಒಪ್ಪಿ ಥ್ಯಾಚರನನ್ನು ಗೆಳೆಯನ ಸುಪರ್ದಿಗೆ ಒಪ್ಪಿಸಿದರು.

ಅದೇ ವರ್ಷದ ನವೆಂಬರಿನಲ್ಲಿ ಥ್ಯಾಚರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ತನ್ನ ಹಳೆಯ ಒಡನಾಡಿಯೊಬ್ಬನ ಮನೆಯ ಕದ ತಟ್ಟಿದ. ಆ ಒಡನಾಡಿಯೇ ಬಿಲ್ ವಿಲ್ಸನ್. ಮುಂದೆ ಜಗತ್ತಿನಾದ್ಯಂತ ಹಬ್ಬಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ ಸಹಸ್ಥಾಪಕ. ಹೀಗೆ ಒಬ್ಬ ನ್ಯಾಯಾಧೀಶರ ದಯೆಯಿಂದ ತೆರೆದುಕೊಂಡ ಹಾದಿ, ಆರು ದಶಕಗಳ ನಂತರ ಮತ್ತೆ ನ್ಯಾಯಾಲಯದ ಬಾಗಿಲಿಗೇ ಬಂದು ನಿಂತಿತು. ಆಗ ಏಳುವ ಪ್ರಶ್ನೆಯನ್ನು ವಿಲ್ಸನ್ ತಮ್ಮ ಜೀವಿತಕಾಲದಲ್ಲಿಯೇ ಬೇರೊಂದು ರೂಪದಲ್ಲಿ ಎದುರಿಸಿದ್ದರು: ದೇವರಲ್ಲಿ ವಿಶ್ವಾಸವಿಡು ಎಂದು ಯಾರಾದರೂ ಯಾರಿಗಾದರೂ ಆಜ್ಞೆ ಮಾಡಬಹುದೇ?

ಬಾಲ್ಯ ಮತ್ತು ಪತನ

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್‌ನ ಈಸ್ಟ್ ಡಾರ್ಸೆಟ್ ಗ್ರಾಮದಲ್ಲಿ. ಅಜ್ಜಿಯ ಹೋಟೆಲೊಂದರ ಮದ್ಯದಂಗಡಿಯ ಹಿಂದಿನ ಕೋಣೆಯೇ ಅವರ ಜನ್ಮಸ್ಥಳವಾದದ್ದು ವಿಧಿಯ ವ್ಯಂಗ್ಯವೆನ್ನಬೇಕು. ತಂದೆ ತಾಯಿಯರು ಬೇರೆಯಾದ ಮೇಲೆ ಬಾಲಕ ತಾಯಿಯ ತವರಿನಲ್ಲಿ ಬೆಳೆದ. ಅಲ್ಲಿನ ಅಜ್ಜ ಸ್ವತಂತ್ರ ಮನೋಭಾವದವರು. ಪಾದ್ರಿಯಾದವನು ತಾನು ಏನನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಹೇಳಲು ಬರಕೂಡದು ಎಂಬುದು ಅವರ ನಿಲುವು. ಮೊಮ್ಮಗನ ಮನಸ್ಸಿನಲ್ಲಿ ಅದು ಕೊನೆಯವರೆಗೂ ಉಳಿಯಿತು.

1912ರಲ್ಲಿ ಶಾಲೆಯ ಗೆಳತಿ ಬರ್ಥಾ ಬ್ಯಾಮ್‌ಫರ್ಡ್ ಶಸ್ತ್ರಚಿಕಿತ್ಸೆಯ ನಂತರ ಅಕಾಲ ಮರಣಕ್ಕೀಡಾದಾಗ ಹದಿಹರೆಯದ ವಿಲ್ಸನ್ ತೀವ್ರ ಖಿನ್ನತೆಗೆ ಒಳಗಾದರು. 1917ರಲ್ಲಿ ಸೈನ್ಯಾಧಿಕಾರಿಯಾಗಿ ನ್ಯೂ ಬೆಡ್‌ಫರ್ಡ್‌ನಲ್ಲಿದ್ದಾಗ ಮೊದಲ ಸಲ ಮದ್ಯದ ರುಚಿ ಕಂಡರು. ಸಂಕೋಚ ಸ್ವಭಾವದ ಯುವಕನಿಗೆ ಅದು ಸಂಕೋಲೆ ಕಳಚಿದಂತಾಯಿತು. 1918ರ ಜನವರಿ 24ರಂದು ಲೂಯಿಸ್ ಬರ್ನ್‌ಹ್ಯಾಂ ಅವರೊಡನೆ ವಿವಾಹವಾಯಿತು. ಯುದ್ಧ ಮುಗಿಸಿ ಬಂದವರು ವಾಲ್ ಸ್ಟ್ರೀಟ್ ಸೇರಿದರು. ಪತ್ನಿಯೊಡನೆ ಮೋಟಾರ್ ಸೈಕಲ್ ಏರಿ ಕಾರ್ಖಾನೆಗಳನ್ನು ಸುತ್ತಿ, ಕಂಪೆನಿಗಳ ನಿಜಸ್ಥಿತಿ ಅರಿತು ಷೇರುದಾರರಿಗೆ ವರದಿ ಸಲ್ಲಿಸುವ ಅವರ ಕ್ರಮ ಆ ಕಾಲಕ್ಕೆ ಹೊಸದಾಗಿತ್ತು. ಹಣ ಬಂತು, ಹೆಸರೂ ಬಂತು.

1929ರ ಷೇರುಪೇಟೆ ಕುಸಿತದೊಂದಿಗೆ ಎಲ್ಲವೂ ಕೊಚ್ಚಿಹೋಯಿತು. ಉಳಿದದ್ದು ಕುಡಿತವೊಂದೇ. ಲೂಯಿಸ್ ಅಂಗಡಿಯೊಂದರಲ್ಲಿ ದುಡಿದು ಮನೆ ನಡೆಸಿದರು. ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ವಿಲ್ಸನ್ ಮತ್ತೆ ಮತ್ತೆ ದಾಖಲಾದರು. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್, ಮದ್ಯವ್ಯಸನ ನೈತಿಕ ದೌರ್ಬಲ್ಯವಲ್ಲ, ಅದೊಂದು ಕಾಯಿಲೆ ಎಂದು ನಂಬಿದವರು. ಕಾಯಿಲೆಯ ಹೆಸರು ತಿಳಿಯಿತು. ಔಷಧಿ ಮಾತ್ರ ಇರಲಿಲ್ಲ.

ಬೆಳಕು ಕಂಡ ರಾತ್ರಿ

ಥ್ಯಾಚರ್ ಮನೆಗೆ ಬಂದಾಗ ವಿಲ್ಸನ್ ಎಂದಿನಂತೆ ಮದ್ಯ ಮುಂದಿಟ್ಟರು. ಅತಿಥಿ ಅದನ್ನು ಮುಟ್ಟಲಿಲ್ಲ. ತನಗೆ ಧರ್ಮ ದೊರೆತಿದೆಯೆಂದು ತಿಳಿಸಿದ. ದೇವರೆಂಬ ಮಾತಿಗೇ ಸಿಡಿಮಿಡಿಗೊಳ್ಳುತ್ತಿದ್ದ ವಿಲ್ಸನ್ ಅವರಿಗೆ ಗೆಳೆಯ ಹೇಳಿದ್ದು ಇಷ್ಟೇ: ನಿನಗೆ ಒಪ್ಪುವ ದೇವರ ಕಲ್ಪನೆಯನ್ನು ನೀನೇ ಏಕೆ ಆರಿಸಿಕೊಳ್ಳಬಾರದು? ಆ ಮಾತು ನಾಟಿತು.

1934ರ ಡಿಸೆಂಬರ್ 11ರಂದು ಅವರು ಕೊನೆಯ ಬಾರಿ ಕುಡಿದು ಟೌನ್ಸ್ ಆಸ್ಪತ್ರೆ ಸೇರಿದರು. ಕೆಲವೇ ದಿನಗಳಲ್ಲಿ, ಹತಾಶೆಯ ಪರಾಕಾಷ್ಠೆಯಲ್ಲಿ ದೇವರನ್ನು ಕೂಗಿದಾಗ ಕೋಣೆಯೆಲ್ಲ ಬೆಳಕಿನಿಂದ ತುಂಬಿದ ಅನುಭವ ಅವರಿಗಾಯಿತು. ಆಗ ಅವರಿಗೆ ಕೊಡುತ್ತಿದ್ದ ಬೆಲ್ಲಡೋನಾ ಎಂಬ ಔಷಧಿಯ ಪ್ರಭಾವವೂ ಇದ್ದಿರಬಹುದೆಂದು ನಂತರದವರು ವಾದಿಸಿದ್ದುಂಟು. ತನಗೆ ಹುಚ್ಚು ಹಿಡಿಯಿತೇ ಎಂದು ಅಂಜಿದ ವಿಲ್ಸನ್‌ಗೆ, ದೊರೆತದ್ದನ್ನು ಬಿಡದೆ ಹಿಡಿದುಕೊಳ್ಳುವಂತೆ ಸಿಲ್ಕ್‌ವರ್ತ್ ಸಲಹೆ ನೀಡಿದರು. ಮುಂದೆ ಮೂವತ್ತಾರು ವರ್ಷ ಅವರು ಮದ್ಯ ಮುಟ್ಟಲಿಲ್ಲ.

ಹೊಸ ಉತ್ಸಾಹದಲ್ಲಿ ಅವರು ತಮ್ಮ ಬೆಳಕಿನ ಕಥೆಯನ್ನು ಕಂಡಕಂಡ ಕುಡುಕರಿಗೆಲ್ಲ ಬೋಧಿಸಿದರು. ತಿಂಗಳುಗಟ್ಟಲೆ ಒಬ್ಬನೂ ಸರಿಹೋಗಲಿಲ್ಲ. ಬೋಧನೆ ನಿಲ್ಲಿಸಿ ಕಾಯಿಲೆಯ ಸತ್ಯವನ್ನು ತಿಳಿಸುವಂತೆ ಸಿಲ್ಕ್‌ವರ್ತ್ ಸೂಚಿಸಿದರು. 1935ರ ಮೇ ತಿಂಗಳಲ್ಲಿ ವ್ಯವಹಾರವೊಂದು ಕೈಕೊಟ್ಟು ಓಹಾಯೊ ರಾಜ್ಯದ ಆಕ್ರನ್ ನಗರದ ಹೋಟೆಲಿನಲ್ಲಿ ಒಂಟಿಯಾಗಿ ನಿಂತಾಗ, ಒಂದೆಡೆ ಮದ್ಯದಂಗಡಿ, ಇನ್ನೊಂದೆಡೆ ದೂರವಾಣಿ. ವಿಲ್ಸನ್ ದೂರವಾಣಿಯತ್ತ ನಡೆದರು. ಅದರ ಫಲವಾಗಿ ಭೇಟಿಯಾದವರು ಶಸ್ತ್ರಚಿಕಿತ್ಸಕ ರಾಬರ್ಟ್ ಸ್ಮಿತ್. ಹದಿನೈದು ನಿಮಿಷವೆಂದು ಕುಳಿತ ಸ್ಮಿತ್ ಗಂಟೆಗಟ್ಟಲೆ ಮಾತನಾಡಿದರು. ಏಕೆಂದರೆ ಬಂದವನು ಉಪದೇಶಿಸಲಿಲ್ಲ. ತನ್ನ ಕಷ್ಟವನ್ನು ತೋಡಿಕೊಂಡ. ಸ್ಮಿತ್ ಕುಡಿತ ಬಿಟ್ಟ 1935ರ ಜೂನ್ 10ನ್ನೇ ಸಂಸ್ಥೆಯ ಸ್ಥಾಪನಾ ದಿನವೆಂದು ಆಚರಿಸಲಾಗುತ್ತಿದೆ.

ಒಂದು ಪದಕ್ಕಾಗಿ ಜಗಳ

ಪರಿಪೂರ್ಣ ಪ್ರಾಮಾಣಿಕತೆ, ಪರಿಪೂರ್ಣ ಪರಿಶುದ್ಧತೆ ಮೊದಲಾದ ಆಕ್ಸ್‌ಫರ್ಡ್ ಗ್ರೂಪಿನ ಕಟ್ಟುನಿಟ್ಟುಗಳು ಕುಡುಕರಿಗೆ ಹೊರಲಾರದ ಭಾರವೆನಿಸಿ ನ್ಯೂಯಾರ್ಕಿನ ಸದಸ್ಯರು 1937ರಲ್ಲಿ ಅದರಿಂದ ಬೇರೆಯಾದರು. ಮರುವರ್ಷ ವಿಲ್ಸನ್ ಹನ್ನೆರಡು ಮೆಟ್ಟಿಲುಗಳನ್ನು ಬರೆದರು. ಕುಡಿತದ ಮುಂದೆ ತಾನು ಅಶಕ್ತನೆಂದು ಒಪ್ಪುವುದು, ತಪ್ಪುಗಳ ಪಟ್ಟಿ ಮಾಡಿ ಇನ್ನೊಬ್ಬರಲ್ಲಿ ನಿವೇದಿಸುವುದು, ನೊಂದವರಿಗೆ ಪರಿಹಾರ ನೀಡುವುದು, ಇತರ ವ್ಯಸನಿಗಳಿಗೆ ನೆರವಾಗುವುದು ಅವುಗಳ ಸಾರ. ಹನ್ನೆರಡರಲ್ಲಿ ಆರು ಮೆಟ್ಟಿಲುಗಳಲ್ಲಿ ದೇವರು ಒಂದಲ್ಲ ಒಂದು ರೂಪದಲ್ಲಿ ಬರುತ್ತಾನೆ.

ಕರಡು ಓದಿದ ಕೂಡಲೇ ಜಗಳ ಹುಟ್ಟಿತು. ಒಂದು ಗುಂಪು ಪುಸ್ತಕ ಸ್ಪಷ್ಟವಾಗಿ ಕ್ರೈಸ್ತವಾಗಿರಬೇಕೆಂದಿತು. ಹ್ಯಾಂಕ್ ಪಾರ್ಕ್‌ಹರ್ಸ್ಟ್ ಮತ್ತು ಜಿಮ್ ಬರ್ವೆಲ್ ದೇವರ ಮಾತೇ ಹೆಚ್ಚಾಯಿತೆಂದರು. ಬರ್ವೆಲ್ ಹುಟ್ಟು ಹಠವಾದಿ. ಸಭೆಯಲ್ಲೇ ದೇವರನ್ನು ಅಲ್ಲಗಳೆಯುತ್ತಿದ್ದ. ಆತನನ್ನು ಹೊರಹಾಕಬೇಕೆಂಬ ಕೂಗೂ ಎದ್ದಿತ್ತು. ಕೊನೆಗೆ ರಾಜಿಯಾಯಿತು. ಮೊಣಕಾಲೂರಿ ಬೇಡಬೇಕೆಂಬ ಮಾತು ಬಿದ್ದುಹೋಯಿತು. ದೇವರೆಂಬ ಪದಕ್ಕೆ ಅವರವರು ಅರಿತಂತೆ ಎಂಬ ವಿಶೇಷಣ ಅಂಟಿಕೊಂಡಿತು. ಮೆಟ್ಟಿಲುಗಳು ಆಜ್ಞೆಗಳಲ್ಲ, ಸಲಹೆಗಳು ಮಾತ್ರ ಎಂಬ ಪೀಠಿಕೆ ಸೇರಿತು. 1939ರ ಏಪ್ರಿಲ್‌ನಲ್ಲಿ ಪುಸ್ತಕ ಹೊರಬಂತು. ನಾಸ್ತಿಕ ಬರ್ವೆಲ್ ಹೊರಬೀಳಲಿಲ್ಲ. 1974ರಲ್ಲಿ ಸಾಯುವವರೆಗೂ ಮದ್ಯದಿಂದ ದೂರವಿದ್ದು ಹಲವು ಗುಂಪುಗಳನ್ನು ಕಟ್ಟಿದ.

1941ರಲ್ಲಿ ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆ ಪ್ರಕಟಿಸಿದ ಲೇಖನದಿಂದ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 2,000ದಿಂದ 8,000ಕ್ಕೆ ಏರಿತು. 1942ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಕ್ವೆಂಟಿನ್ ಸೆರೆಮನೆಯೊಳಗೂ ಸಭೆ ಆರಂಭವಾಯಿತು. 1950ರಲ್ಲಿ ಅಂಗೀಕಾರವಾದ ಹನ್ನೆರಡು ಸಂಪ್ರದಾಯಗಳ ಪ್ರಕಾರ, ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. 1957ರಲ್ಲಿ ಭಾರತಕ್ಕೂ ಈ ಚಳವಳಿ ಕಾಲಿಟ್ಟಿತು. ಅದೇ ವರ್ಷ ಪ್ರಕಟವಾದ ಸಂಸ್ಥೆಯ ಇತಿಹಾಸದಲ್ಲಿ, ಮೆಟ್ಟಿಲುಗಳಲ್ಲಿನ ದೇವರೆಂಬ ಪದದ ಬದಲು ಒಳಿತು ಎಂಬ ಪದ ಬಳಸಬಯಸಿದ ಬೌದ್ಧರನ್ನು ಪ್ರಸ್ತಾಪಿಸಿ, ವಿಲ್ಸನ್ ಅದಕ್ಕೆ ಅಡ್ಡಿ ಹೇಳಲಿಲ್ಲ.

ಅವರು ದೋಷರಹಿತರೇನಲ್ಲ. ವರ್ಷಗಟ್ಟಲೆ ಖಿನ್ನತೆಯಿಂದ ಬಳಲಿದರು. 1956ರಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಎಲ್‌ಎಸ್‌ಡಿ ಸೇವಿಸಿ ನೋಡಿದ್ದು ಸಹವರ್ತಿಗಳಿಗೇ ಹಿಡಿಸಲಿಲ್ಲ. ಕ್ಯಾಥೊಲಿಕ್ ಧರ್ಮದತ್ತ ಆಕರ್ಷಿತರಾಗಿ ಪಾಠ ಹೇಳಿಸಿಕೊಂಡರೂ ಸೇರಲಿಲ್ಲ. ಮಿಗಿಲಾಗಿ, 1961ರಲ್ಲಿ ಸಂಸ್ಥೆಯ ಮಾಸಿಕದಲ್ಲಿ ಬರೆಯುತ್ತ, ಆರಂಭದ ವರ್ಷಗಳಲ್ಲಿ ತಮ್ಮ ದೇವರೇ ಎಲ್ಲರ ದೇವರಾಗಬೇಕೆಂಬ ಅಹಂಕಾರದಿಂದ ಇಡೀ ಕಾರ್ಯವನ್ನೇ ಕೆಡಿಸಲಿದ್ದೆನೆಂದು ಬಹಿರಂಗವಾಗಿ ಒಪ್ಪಿಕೊಂಡರು. ನಂಬದವರು ಆ ಒತ್ತಡದಿಂದ ದೂರ ಸರಿದು ಕುಡಿತಕ್ಕೆ ಮರಳಿರಬಹುದೆಂಬ ಕೊರಗು ಅವರನ್ನು ಕಾಡಿತ್ತು.

ಸಲಹೆ ಆಜ್ಞೆಯಾದಾಗ

ಅಷ್ಟರಲ್ಲಿ ನ್ಯಾಯಾಲಯಗಳು ಈ ಸಭೆಗಳತ್ತ ತಿರುಗಿದ್ದವು. ಕುಡುಕರಿಂದ ತುಂಬಿದ ಜೈಲುಗಳಿಗೆ ಇದಕ್ಕಿಂತ ಅಗ್ಗದ ಪರ್ಯಾಯ ಇರಲಿಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ಸುಮಾರು 300 ಅಪರಾಧಿಗಳನ್ನು ಮೂರು ಪಾಲು ಮಾಡಿ, ಕೆಲವರನ್ನು ಈ ಸಭೆಗಳಿಗೂ ಕೆಲವರನ್ನು ಚಿಕಿತ್ಸಾಲಯಕ್ಕೂ ಕಳುಹಿಸಿ, ಉಳಿದವರನ್ನು ಹಾಗೆಯೇ ಬಿಟ್ಟು ನೋಡಲಾಯಿತು. 1967ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಲವಂತದಿಂದ ಸಭೆಗೆ ಹೋದವರು ಮತ್ತೆ ಬಂಧನಕ್ಕೊಳಗಾಗುವುದು ಕಡಿಮೆಯಾಗಿರಲಿಲ್ಲ. ಆದರೂ ಪದ್ಧತಿ ಬೆಳೆಯುತ್ತ ಹೋಯಿತು. ಸಭೆಗೆ ಬಂದುದಕ್ಕೆ ಸಹಿ ಹಾಕಿಸಿಕೊಂಡು ನ್ಯಾಯಾಲಯಕ್ಕೆ ಒಪ್ಪಿಸುವ ಚೀಟಿಗಳು ಸಾಮಾನ್ಯವಾದವು.

ವಿಲ್ಸನ್ ಇದರ ಪರಿಣಾಮ ನೋಡಲು ಉಳಿಯಲಿಲ್ಲ. ಮದ್ಯ ಬಿಟ್ಟರೂ ಸಿಗರೇಟು ಬಿಡಲಾಗದ ಅವರು ಶ್ವಾಸಕೋಶದ ಕಾಯಿಲೆಯಿಂದ 1971ರ ಜನವರಿ 24ರಂದು ಮಯಾಮಿಯಲ್ಲಿ ನಿಧನರಾದರು. ಅಂದು ಅವರ ವಿವಾಹದ 53ನೇ ವಾರ್ಷಿಕೋತ್ಸವ. ಬಹುಕಾಲ ಬಿಲ್ ಡಬ್ಲ್ಯು. ಎಂದಷ್ಟೇ ತಿಳಿದಿದ್ದ ವ್ಯಕ್ತಿಯ ಪೂರ್ಣ ಹೆಸರನ್ನು ಅನೇಕರು ಮರಣವಾರ್ತೆಯಲ್ಲಿಯೇ ಓದಿದರು. ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನೂ ಅವರು ಇದೇ ಅನಾಮಿಕತೆಯ ವ್ರತಕ್ಕಾಗಿ ನಿರಾಕರಿಸಿದ್ದರು.

1996ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ದೇವರನ್ನು ನಂಬದ ಕೈದಿಯೊಬ್ಬನ ಅರ್ಜಿ ಬಂತು. ಹನ್ನೆರಡು ಮೆಟ್ಟಿಲುಗಳ ಕಾರ್ಯಕ್ರಮಕ್ಕೆ ಹಾಜರಾಗದಿದ್ದರೆ ಕುಟುಂಬದವರೊಡನೆ ಕಳೆಯುವ ಅವಕಾಶ ಇಲ್ಲವೆಂದು ಸೆರೆಮನೆ ವಿಧಿಸಿತ್ತು. ಕಾರ್ಯಕ್ರಮದ ಸ್ವರೂಪ ಧಾರ್ಮಿಕವೇ ಆಗಿದ್ದು, ಬೇರೆ ಆಯ್ಕೆಯಿಲ್ಲದೆ ಅದನ್ನು ಹೇರುವುದು ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧವೆಂದು ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ವಿಸ್ಕಾನ್ಸಿನ್‌ನ ಪ್ರಕರಣವೊಂದರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಇದೇ ಮಾತು ಹೇಳಿತು. 2007ರಲ್ಲಿ ಹವಾಯಿಯ ಬೌದ್ಧನೊಬ್ಬನ ಪ್ರಕರಣದಲ್ಲಿ, ಈ ನಿಯಮ ಸುಸ್ಥಾಪಿತವಾಗಿರುವುದರಿಂದ ಹೇರಿದ ಅಧಿಕಾರಿಗೆ ಕಾನೂನಿನ ರಕ್ಷಣೆ ಸಿಗದೆಂಬ ತೀರ್ಪು ಬಂತು. ಕ್ಯಾಲಿಫೋರ್ನಿಯದಲ್ಲಿ ಇಂಥ ಕಾರ್ಯಕ್ರಮವನ್ನು ಆಕ್ಷೇಪಿಸಿ ಮರಳಿ ಜೈಲು ಸೇರಿ ನೂರಕ್ಕೂ ಹೆಚ್ಚು ದಿನ ಕಳೆದ ನಾಸ್ತಿಕನಿಗೆ 2014ರ ರಾಜಿಯಂತೆ ಸುಮಾರು 19 ಲಕ್ಷ ಡಾಲರ್ ದೊರೆಯಿತು.

ಈ ತೀರ್ಪುಗಳಾವುವೂ ವಿಲ್ಸನ್ ಕಟ್ಟಿದ ಸಂಸ್ಥೆಯನ್ನು ನಿಷೇಧಿಸಲಿಲ್ಲ. ಹೋಗಬಯಸುವವರನ್ನು ತಡೆಯಲೂ ಇಲ್ಲ. ಧರ್ಮರಹಿತ ಚಿಕಿತ್ಸೆಯ ಆಯ್ಕೆಯೂ ಮುಂದಿರಲಿ ಎಂದಷ್ಟೇ ಹೇಳಿದವು. ಸಲಹೆಯೆಂದು ಬರೆದದ್ದನ್ನು ಆಜ್ಞೆಯಾಗಿಸಿದವರು ವಿಲ್ಸನ್ ಅಲ್ಲ, ಸರ್ಕಾರ.

ಬೆನಿಂಗ್ಟನ್‌ನಿಂದ ಬಂದ ಎಬಿ ಥ್ಯಾಚರ್ ಕೆಲವೇ ವರ್ಷಗಳಲ್ಲಿ ಮತ್ತೆ ಕುಡಿತಕ್ಕೆ ಬಿದ್ದ. ಏಳುತ್ತ ಬೀಳುತ್ತ ಬದುಕಿದ ಆತನ ಯೋಗಕ್ಷೇಮವನ್ನು ವಿಲ್ಸನ್ ಕೊನೆಯವರೆಗೂ ನೋಡಿಕೊಂಡರು. ತನ್ನನ್ನು ಉಳಿಸಿದವನು ಇವನೇ ಎಂದು ಎಲ್ಲರೆದುರು ಹೇಳಿಕೊಂಡರು. 1966ರಲ್ಲಿ ಥ್ಯಾಚರ್ ಸತ್ತಾಗ ಆತ ಮದ್ಯ ಬಿಟ್ಟು ಎರಡು ವರ್ಷವಾಗಿತ್ತು.